ಫಲನಿರೀಕ್ಷೆಯ ದಿನಗಳು ಮತ್ತು ಸಮುದ್ರತೀರದ ಅಂಗದ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಯುಗಾದಿಯಿಂದ ಮೊದಲ್ಗೊಂಡು ಜ್ಯೇಷ್ಠಮಾಸವು ಮುಗಿಯುವ ತನಕ ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಗೃಹಸ್ಥರ ಮನೆಗಳಲ್ಲಿ ಎರಡು ಪಂಚಾಂಗಗಳು ಗೋಡೆಯ ಮೇಲಿರುತ್ತವೆ. ಒಂದು ಶ್ರೀಮಠದ ಪಂಚಾಂಗ. ಅದರಲ್ಲಿ ಶ್ರೀರಾಮನವಮಿ, ಅಕ್ಷಯತೃತೀಯೆ, ಶ್ರೀನರಸಿಂಹಜಯಂತಿ, ಏಕಾದಶಿಗಳು. ಇನ್ನೊಂದು ಮಕ್ಕಳ ಕೈಬರಹದ ಪಂಚಾಂಗ. ಅದರಲ್ಲಿ ಪಿ.ಯು. ಫಲಿತಾಂಶ, ಸಿ.ಇ.ಟಿ., ಜೆ.ಇ.ಇ. ಮೇನ್, ಜೆ.ಇ.ಇ. ಅಡ್ವಾನ್ಸ್ಡ್, ಆ ಬಳಿಕ ಸೀಟು ಹಂಚಿಕೆಯ ಒಂದನೆಯ ಸುತ್ತು, ಎರಡನೆಯ ಸುತ್ತು. ಈ ಎರಡು ಪಂಚಾಂಗಗಳು ಒಮ್ಮೊಮ್ಮೆ ಒಂದರ ಮೇಲೊಂದು ಬೀಳುವುದೂ ಉಂಟು. 2024ರಲ್ಲಿ ಶ್ರೀರಾಮನವಮಿಯು ಏಪ್ರಿಲ್ 17ರಂದು ಒದಗಿತು; ಮರುದಿನವೇ ಸಿ.ಇ.ಟಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ 1939ರಲ್ಲಿ ಮೊದಲಾದ ರಾಮೋತ್ಸವದ ಸಂಗೀತವನ್ನು ತಪ್ಪದೆ ಕೇಳುವ ಎಷ್ಟೋ ಮನೆಗಳಲ್ಲಿ ಆ ಸಂಜೆ ಯಾರೂ ಹೊರಗೆ ಹೊರಡಲಿಲ್ಲ. ಪಾನಕವನ್ನು ಮಕ್ಕಳ ಮೇಜಿನ ಮೇಲೆಯೇ ಇರಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದ ತಾಯಂದಿರನ್ನು ನಾನು ಬಲ್ಲೆ.

ಹಿಂದಿನ ಕಾಲದಲ್ಲಿಯೂ ಫಲಿತಾಂಶದ ಭಯವಿತ್ತು. ಕಾಲೇಜಿನ ಫಲಕದ ಮುಂದೆ ನೂಕುನುಗ್ಗಲಿನಲ್ಲಿ ನಿಂತು, ಇಲ್ಲವೆ ದಿನಪತ್ರಿಕೆಯಲ್ಲಿ ಇರುವೆಯ ಸಾಲಿನಂತೆ ಅಚ್ಚಾದ ಸಂಖ್ಯೆಗಳ ನಡುವೆ ತಮ್ಮ ಸಂಖ್ಯೆಯನ್ನು ಬೆರಳಿಟ್ಟು ಹುಡುಕಿದ ನೆನಪು ನಮ್ಮಲ್ಲಿ ಹಲವರಿಗುಂಟು. ಆದರೆ ಅದು ಒಂದು ಬೆಳಗಿನ ಕಥೆ. ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದ ಎಲೆಗೆ ಕುಳಿತುಕೊಳ್ಳುವ ಹೊತ್ತಿಗೆ ಮನೆಗೆ ಮನೆಯೇ ತಿಳಿದುಕೊಂಡಿರುತ್ತಿತ್ತು. ಈಗ ನಿರೀಕ್ಷೆಯು ಮೂರು ತಿಂಗಳ ದೀರ್ಘವ್ರತವಾಗಿದೆ. ಒಂದು ಪಟ್ಟಿಯ ಹಿಂದೆ ಮತ್ತೊಂದು ಪಟ್ಟಿ. 1994ರಲ್ಲಿ ಸಿ.ಇ.ಟಿ. ಆರಂಭವಾದ ಮೇಲೆ ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಗೆ ರಾಜ್ಯದ ಮೂಲೆಮೂಲೆಯಿಂದ ತಂದೆತಾಯಿಗಳು ಮಕ್ಕಳ ಕೈಹಿಡಿದು ಬಂದು, ತಮ್ಮ ಸರದಿಗಾಗಿ ಕಾಯುತ್ತಾ ನಿಂತಿದ್ದನ್ನು ಆ ಬಡಾವಣೆಯವರು ಕಂಡಿದ್ದಾರೆ. ಈಗ ಆ ಸಾಲು ಮನೆಯೊಳಗೇ ಬಂದಿದೆ. ಅಂಗೈಯಗಲದ ದೂರವಾಣಿಯನ್ನು ಗಳಿಗೆಗೊಮ್ಮೆ ಬೆಳಗಿಸಿ ನೋಡುವುದೇ ಸಾಲಿನಲ್ಲಿ ನಿಲ್ಲುವುದಾಗಿದೆ.

ಈ ಸಲ ನಮ್ಮ ದೇವಸ್ಥಾನದಲ್ಲಿ ರಾಮಾಯಣದ ಉಪನ್ಯಾಸವು ಕಿಷ್ಕಿಂಧಾಕಾಂಡದ ಕೊನೆಯ ಭಾಗಕ್ಕೆ ಬಂದ ಸಂಜೆ, ಮಂಗಳಾರತಿಯಾದ ಬಳಿಕ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಮಂತ್ರಾಕ್ಷತೆ ಬೇಕೆಂದರು. ಹುಡುಗನು ಅಡ್ವಾನ್ಸ್ಡ್ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬರಬೇಕು, ಐ.ಐ.ಟಿ. ಆಗದಿದ್ದರೆ ಹತ್ತಿರದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಾದರೂ ಆಗಲಿ. ಆದರೆ ರಾಯರ ಮಠದಲ್ಲಿ ಇಂತಿಷ್ಟು ಸೇವೆ, ಮುಖ್ಯಪ್ರಾಣದೇವರಿಗೆ ಇಂತಿಷ್ಟು ಸೇವೆ ಎಂದು ಹರಕೆ ಹೊತ್ತಿದ್ದಾರೆ ಎಂದು ಅವನೆದುರಿನಲ್ಲಿಯೇ ವಿವರವಾಗಿ ಹೇಳಿದರು. ಹುಡುಗನು ತಲೆತಗ್ಗಿಸಿ ನಿಂತಿದ್ದನು. ಅವರು ಪ್ರದಕ್ಷಿಣೆಗೆ ಹೋದಾಗ ಅವನು ಮೆಲ್ಲಗೆ ಕೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ. “ಯೋಗ್ಯತೆ ಅನಾದಿ ಎಂದು ನೀವು ಹೇಳಿದಿರಿ. ಹಾಗಾದರೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲದಿದ್ದರೆ ನಾನು ಅಯೋಗ್ಯ ಎಂದು ತಾನೆ ಅರ್ಥ?”

ಅಲ್ಲಿ ನಿಂತ ನಿಲುವಿನಲ್ಲಿ ಒಂದೆರಡು ಮಾತು ಹೇಳಿದೆ. ಅಷ್ಟು ಸಾಲದೆಂದು ತೋರಿದ್ದರಿಂದ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪ್ರಶ್ನೆಯು ಅವನೊಬ್ಬನದಲ್ಲ. ಅದು ನಮ್ಮ ಸಿದ್ಧಾಂತದ ಶಬ್ದವೊಂದನ್ನು ನಾವೇ ಮನೆಯಲ್ಲಿ ಬಳಸುತ್ತಿರುವ ಬಗೆಯಿಂದ ಹುಟ್ಟಿದ ಪ್ರಶ್ನೆ.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ, ವನಪರ್ವದ ಕಥಾಭಾಗದಲ್ಲಿ, ಜೀವನಿಗೆ ಒದಗುವ ಫಲಕ್ಕೆ ಕಾರಣಗಳಾವುವೆಂಬುದನ್ನು ನಿರ್ಣಯಿಸಿದ್ದಾರೆ. ಜೀವನ ಅನಾದಿಸಿದ್ಧವಾದ ಸ್ವಭಾವರೂಪದ ಯೋಗ್ಯತೆ ಮೊದಲನೆಯದು. ಅನಾದಿಯಾಗಿ ಬಂದ ಕರ್ಮ ಎರಡನೆಯದು. ಜೀವನ ಪ್ರಯತ್ನ ಮೂರನೆಯದು. ಈ ಮೂರೂ ಸದಾಕಾಲದಲ್ಲಿಯೂ ಶ್ರೀವಿಷ್ಣುವಿನ ವಶದಲ್ಲಿವೆ. ಆತನಾದರೋ ಯಾರ ವಶದಲ್ಲಿಯೂ ಇಲ್ಲ, ಸ್ವತಂತ್ರನು. ಇಷ್ಟನ್ನು ನಮ್ಮವರೆಲ್ಲ ಕೇಳಿದ್ದಾರೆ. ಆದರೆ ಕೇಳಿದ ಮೇಲೆ ಲೆಕ್ಕವನ್ನು ತಪ್ಪಾಗಿ ಕೂಡಿಸುತ್ತಾರೆ. ಫಲ ಬಂದಾಗ “ಹುಡುಗನ ಪ್ರಯತ್ನ” ಎಂದು ಮೂರನೆಯದನ್ನು ಮಾತ್ರ ಹಿಡಿಯುವರು. ಬಾರದಿದ್ದಾಗ “ಅವನ ಯೋಗ್ಯತೆಯೇ ಇಷ್ಟು” ಎಂದು ಮೊದಲನೆಯದನ್ನು ಮಾತ್ರ ಹಿಡಿಯುವರು. ಮೂರು ಕಾರಣಗಳನ್ನೂ ಒಟ್ಟಿಗೆ ಹೇಳಿ, ಅವುಗಳ ಮೇಲೆ ನಿಯಾಮಕನನ್ನು ಹೇಳಿದ ಶಾಸ್ತ್ರವನ್ನು ಹೀಗೆ ತುಂಡುಮಾಡಿ ಬಳಸಲು ಯಾರಿಗೂ ಅಪ್ಪಣೆಯಿಲ್ಲ.

ಯೋಗ್ಯತೆ ಎಂಬುದು ಏನು? ಅದು ಜೀವನ ಸ್ವರೂಪಕ್ಕೆ ಸಂಬಂಧಿಸಿದ್ದು. ಮೋಕ್ಷದಲ್ಲಿ ಅಭಿವ್ಯಕ್ತವಾಗಬೇಕಾದ ಸ್ವರೂಪಾನಂದದ ಅಳತೆ. ನಾವು ತಾರತಮ್ಯವೆಂದು ನಿತ್ಯವೂ ಹೇಳುವುದು ಆ ಅಳತೆಯ ಭೇದವನ್ನು. ಅದನ್ನು ಪ್ರತ್ಯಕ್ಷವಾಗಿ ಕಾಣಬಲ್ಲವರು ಅಪರೋಕ್ಷಜ್ಞಾನಿಗಳು. ಅಡಿಗೆಮನೆಯಲ್ಲಿ ನಿಂತು ತಾಯಿಯಾಗಲಿ, ಹಜಾರದಲ್ಲಿ ಕುಳಿತು ತಂದೆಯಾಗಲಿ, ವ್ಯಾಸಪೀಠದಲ್ಲಿ ಕುಳಿತ ನನ್ನಂಥವನಾಗಲಿ ಅದನ್ನು ಕಾಣಲಾರೆವು. ಗಣಕಯಂತ್ರವಂತೂ ಕಾಣಲಾರದು.

ಹಾಗಾದರೆ ಆ ಪಟ್ಟಿಯು ಅಳೆಯುವುದೇನನ್ನು? ಒಂದು ಭಾನುವಾರ, ಮೂರು ಮೂರು ಗಂಟೆಗಳ ಎರಡು ಪತ್ರಿಕೆಗಳಲ್ಲಿ, ಗಣಿತ, ಭೌತ, ರಸಾಯನಗಳಲ್ಲಿ ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು. ಇಬ್ಬರಿಗೆ ಸಮಾನವಾದ ಅಂಕಗಳು ಬಂದರೆ, ತಪ್ಪುಗಳಿಗಾಗಿ ಕಳೆಯುವ ಮುನ್ನ ಗಳಿಸಿದ್ದೆಷ್ಟೆಂದು ನೋಡುತ್ತಾರೆ. ಅದೂ ಸಮವಾದರೆ ಗಣಿತದ ಅಂಕವನ್ನು, ಅದೂ ಸಮವಾದರೆ ಭೌತಶಾಸ್ತ್ರದ ಅಂಕವನ್ನು ನೋಡುತ್ತಾರೆ. ಇದು ಮನುಷ್ಯರು ಕುಳಿತು ಮಾಡಿಕೊಂಡ ವ್ಯವಸ್ಥೆ. ಅಗತ್ಯವಾದ, ಬಹುಮಟ್ಟಿಗೆ ನ್ಯಾಯವಾದ ವ್ಯವಸ್ಥೆ. 2013ರಲ್ಲಿ ಪರೀಕ್ಷೆಯ ಸ್ವರೂಪವನ್ನೇ ಬದಲಾಯಿಸಿದರು. ಸ್ವರೂಪಯೋಗ್ಯತೆಯು ಹಾಗೆ ಸಮಿತಿಯ ನಿರ್ಣಯದಿಂದ ಬದಲಾಗುವ ವಸ್ತುವಲ್ಲ.

ಅಂಕಿಗಳನ್ನೂ ಸ್ವಲ್ಪ ನೋಡೋಣ. 2024ರಲ್ಲಿ ಅಡ್ವಾನ್ಸ್ಡ್ ಪರೀಕ್ಷೆಯ ಎರಡೂ ಪತ್ರಿಕೆಗಳನ್ನು ಬರೆದವರು 1,80,200 ಮಂದಿ. ಇವರೆಲ್ಲರೂ ಮೇನ್ ಪರೀಕ್ಷೆಯ ಜರಡಿಯಲ್ಲಿ ಉಳಿದು ಬಂದವರು. ಅವರಲ್ಲಿ ಅರ್ಹರೆನಿಸಿದವರು 48,248. ದೇಶದ 23 ಐ.ಐ.ಟಿ.ಗಳಲ್ಲಿ ಸೇರಿ ಇದ್ದ ಸ್ಥಾನಗಳು 17,740. ಅಂದರೆ ಪರೀಕ್ಷೆ ಬರೆದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಅಲ್ಲಿ ಸ್ಥಳವೇ ಇಲ್ಲ. ಹತ್ತು ಮಂದಿಯೂ ಬ್ರಾಹ್ಮೀಮುಹೂರ್ತದಲ್ಲಿ ಎದ್ದು ಓದಿದರೂ, ಹತ್ತು ಮನೆಗಳಲ್ಲಿಯೂ ಸೇವೆ ನಡೆದರೂ ಒಂಬತ್ತು ಮಕ್ಕಳಿಗೆ ಸ್ಥಳವಿಲ್ಲ. ಆ ಒಂಬತ್ತು ಮನೆಗಳ ಮೇಲೆ ದೇವರು ಮುನಿದಿದ್ದಾನೆ ಎನ್ನುವುದು ಭಾಗಾಕಾರವನ್ನು ಶಾಪವೆಂದು ತಿಳಿದಂತೆ.

ಭಾರತೀಯ ವಿಜ್ಞಾನ ಸಂಸ್ಥೆಯ ಮಾತು ಬಂದುದರಿಂದ ಒಂದು ಸಂಗತಿ ಹೇಳಬೇಕು. ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಯಿತು. ಮೈಸೂರು ಅರಸರ ಸರ್ಕಾರವು ವಿಶಾಲವಾದ ಭೂಮಿಯನ್ನು ದಾನವಾಗಿ ಕೊಟ್ಟಿತು. ಅಲ್ಲಿ ಪಿ.ಯು. ಮುಗಿಸಿದ ಮಕ್ಕಳಿಗೆ ಪದವಿ ತರಗತಿ ತೆರೆದುದು 2011ರಲ್ಲಿ. ಅದಕ್ಕೆ ಮೊದಲು ನೂರು ವರ್ಷಗಳ ಕಾಲ ಮಲ್ಲೇಶ್ವರದ ಯಾವ ಹದಿನೆಂಟು ವರ್ಷದ ಹುಡುಗನೂ “ಅಲ್ಲಿ ಸೀಟು ಸಿಗಲಿಲ್ಲ” ಎಂದು ಅತ್ತಿರಲಿಲ್ಲ, ಸೀಟೇ ಇರಲಿಲ್ಲವಾದ್ದರಿಂದ. ಆ ನೂರು ವರ್ಷಗಳಲ್ಲಿ ಈ ಬಡಾವಣೆಗಳಿಂದ ವಿದ್ವಾಂಸರು, ವಿಜ್ಞಾನಿಗಳು, ವೈದ್ಯರು ಹುಟ್ಟದೆ ಹೋದರೆ?

ಇನ್ನೊಂದು ಹಳೆಯ ನೆನಪು. ಚಾಮರಾಜಪೇಟೆ, ಬಸವನಗುಡಿಗಳಲ್ಲಿ ವಾರಾನ್ನದ ಪದ್ಧತಿಯಿತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಸಂಧ್ಯಾವಂದನೆಯಾಯಿತೇ ಎಂದು ಯಜಮಾನರು ಕೇಳುತ್ತಿದ್ದರು. ಸಾರು ಸಾಕೇ ಎಂದು ಮನೆಯಾಕೆ ಕೇಳುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾದ ಹುಡುಗನೂ ಮುಂದಿನ ವಾರ ಅದೇ ಮಣೆಯ ಮೇಲೆ ಕುಳಿತು ಊಟಮಾಡುತ್ತಿದ್ದನು. ಅನ್ಯರ ಮಕ್ಕಳಿಗೆ ಅಷ್ಟು ಔದಾರ್ಯ ತೋರಿದ ಮನೆತನಗಳಲ್ಲಿ ಇಂದು ಸ್ವಂತ ಮಗನಿಗೆ ಎಲೆ ಹಾಕುವಾಗ ಅವನ ರ‍್ಯಾಂಕನ್ನು ನೆನೆಯುವುದು ಹೇಗೆ ಬಂದಿತೋ ತಿಳಿಯದು.

ಹರಕೆಯ ವಿಷಯ. ಹರಕೆ ಹೊರುವುದು ತಪ್ಪೆಂದು ನಾನು ಹೇಳಲಾರೆ. ಬೇಡುವುದಾದರೆ ಅನ್ಯರನ್ನು ಬೇಡದೆ ಶ್ರೀಹರಿಯನ್ನೇ ಬೇಡಬೇಕು, ವಾಯುದೇವರ, ಗುರುಗಳ ದ್ವಾರಾ ಬೇಡಬೇಕು, ಸರಿಯೇ. ಆದರೆ ಹರಕೆಯನ್ನು ಮಗುವಿನ ಕಿವಿಗೆ ಬೀಳುವಂತೆ ಹೇಳುವುದು ಬೇರೆ. ಆಗ ಅವನ ಹೆಗಲಿಗೆ ಮೂರು ಪಠ್ಯಗಳ ಜತೆಗೆ ನಿಮ್ಮ ವ್ರತವೂ ಬಿತ್ತು. ಫಲ ಬಾರದಿದ್ದರೆ ತನ್ನಿಂದಾಗಿ ದೇವರ ಸೇವೆಯೂ ನಿಂತುಹೋಯಿತೆಂದು ಅವನು ತಿಳಿಯುತ್ತಾನೆ. ಹೊತ್ತ ಹರಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಫಲ ಬಂದರೂ ಬಾರದಿದ್ದರೂ ಆ ಸೇವೆಯನ್ನು ಮಾಡಿಬಿಡಿ. ವ್ಯಾಪಾರದ ವಾಸನೆ ಅಲ್ಲಿಗೆ ಹೋಗುತ್ತದೆ.

ಕಾಯುವುದು ಹೇಗೆಂಬುದಕ್ಕೆ ನಮ್ಮ ಪರಂಪರೆಯ ಮೂಲದಲ್ಲಿಯೇ ಒಂದು ದೃಷ್ಟಾಂತವಿದೆ. ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗೆ ಅದು ಪರಿಚಿತ. ಮಧ್ಯಗೇಹಭಟ್ಟರು ಪುತ್ರಾಪೇಕ್ಷೆಯಿಂದ ಉಡುಪಿಯ ಅನಂತಾಸನನನ್ನು ಹನ್ನೆರಡು ವರ್ಷ ಸೇವಿಸಿದರು. ಹನ್ನೆರಡು ವರ್ಷ! ಫಲವಾಗಿ ಸಾಕ್ಷಾತ್ ವಾಯುದೇವರೇ ವಾಸುದೇವನೆಂಬ ಶಿಶುವಾಗಿ ಬಂದರು. ಅಷ್ಟು ಕಾದು ಪಡೆದ ಮಗನು ಬೆಳೆದು, ಮನೆಯನ್ನು ಬಿಟ್ಟು ಅಚ್ಯುತಪ್ರೇಕ್ಷರಲ್ಲಿ ಸನ್ಯಾಸ ಸ್ವೀಕರಿಸಲು ಹೊರಟನು. ತಂದೆಯು ಹಿಂದೆಯೇ ಹೋಗಿ ತಡೆದರು, ಬೇಡಿದರು, ಕಡೆಗೆ ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯರಿಗೆ ನಮಸ್ಕರಿಸುವುದು ಗೃಹಸ್ಥಧರ್ಮದಲ್ಲಿಲ್ಲ, ಯತಿಗೆ ಮಾತ್ರ ಸಲ್ಲುವ ನಮಸ್ಕಾರವನ್ನು ದೈವವೇ ನಿಮ್ಮಿಂದ ಮಾಡಿಸಿ ಅನುಜ್ಞೆ ಕೊಡಿಸಿತೆಂದು ಮಗನು ಹೇಳಿದನು. ಆದರೂ ತಂದೆತಾಯಿಗಳು ನಿರಾಧಾರರಾಗಬಾರದೆಂದು ತಮ್ಮನೊಬ್ಬನು ಹುಟ್ಟುವ ತನಕ ಆತನೂ ಕಾದನು. ಈ ಕಥೆಯಲ್ಲಿ ತಂದೆ ಕಾಯುತ್ತಾರೆ, ಮಗನೂ ಕಾಯುತ್ತಾನೆ. ತಂದೆ ಬೇಡಿದ್ದು ಬಂದಿತು, ಆದರೆ ಬೇಡಿದ ಆಕಾರದಲ್ಲಿ ಬರಲಿಲ್ಲ. ಮಧ್ಯಗೇಹಭಟ್ಟರು ಅಂದು ಪಾಜಕದ ದಾರಿಯಲ್ಲಿ ಹಿಂದಿರುಗಿ ನಡೆದಾಗ ತಮ್ಮ ಹನ್ನೆರಡು ವರ್ಷ ವ್ಯರ್ಥವಾಯಿತೆಂದು ಎಣಿಸಿದ್ದರೆ, ಲೋಕವು ಅವರನ್ನು ತಪ್ಪುಹೇಳುತ್ತಿರಲಿಲ್ಲ. ಅವರ ಮನೆಯ ಆ ನಷ್ಟದಿಂದಲೇ ನಮ್ಮ ಮನೆಗಳೆಲ್ಲ ಇಂದು ನಿಂತಿವೆ.

ಇನ್ನು ಅಂದು ಉಪನ್ಯಾಸವಾದ ಕಥಾಭಾಗಕ್ಕೆ ಬರುತ್ತೇನೆ. ಹುಡುಗನ ಪ್ರಶ್ನೆಗೆ ನಿಜವಾದ ಉತ್ತರವು ಅದರಲ್ಲಿಯೇ ಇದೆಯೆಂದು ಮನೆಗೆ ಬಂದ ಮೇಲೆ ಹೊಳೆಯಿತು.

ಸುಗ್ರೀವನು ಸೀತಾನ್ವೇಷಣೆಗಾಗಿ ನಾಲ್ಕು ದಿಕ್ಕಿಗೂ ಕಪಿಗಳನ್ನು ಕಳುಹಿಸಿದನು. ಒಂದು ತಿಂಗಳ ಗಡುವು, ಮೀರಿದವರಿಗೆ ವಧೆ. ದಕ್ಷಿಣಕ್ಕೆ ಹೋದವರಲ್ಲಿ ಯುವರಾಜನಾದ ಅಂಗದನು ನಾಯಕ. ಹನುಮಂತದೇವರು, ಜಾಂಬವಂತನು ಜತೆಯಲ್ಲಿ. ವಿಂಧ್ಯದ ಗುಹೆಗಳನ್ನೆಲ್ಲ ಸೋಸಿ, ಹಸಿವು ಬಾಯಾರಿಕೆಗಳಿಂದ ಬಳಲಿ, ಸ್ವಯಂಪ್ರಭೆಯ ಬಿಲದೊಳಗೆ ಹೊಕ್ಕು, ಅವಳ ದಯೆಯಿಂದ ಹೊರಗೆ ಬಂದು ನೋಡಿದರೆ ಎದುರಿಗೆ ಸಮುದ್ರ. ಮರಗಳು ಹೂವಿನಿಂದ ಬಾಗಿವೆ. ಹೂವನ್ನು ಕಂಡು ಅವರಿಗೆ ಸಂತೋಷವಾಗಲಿಲ್ಲ. ಋತು ಬದಲಾಗಿದೆ, ಗಡುವು ಕಳೆದಿದೆ ಎಂಬುದು ಆ ಹೂವಿನಿಂದಲೇ ತಿಳಿಯಿತು. ನಮ್ಮ ಊರಿನ ಗುಲ್‌ಮೊಹರ್ ಮರಗಳು ಕೆಂಪಾಗುವುದನ್ನು ಈ ದಿನಗಳಲ್ಲಿ ಎಷ್ಟು ಮಕ್ಕಳು ಕಣ್ಣೆತ್ತಿ ನೋಡುತ್ತಾರೆ?

ಆಗ ಅಂಗದನು ಪ್ರಾಯೋಪವೇಶಕ್ಕೆ, ಎಂದರೆ ಅನ್ನನೀರು ಬಿಟ್ಟು ಸಾಯುವುದಕ್ಕೆ, ನಿಶ್ಚಯಿಸಿದನು. ಏಕೆ? ಅವನು ವಾಲಿಯ ಮಗ, ಶೂರ. ಮುಂದೆ ರಾವಣನ ಸಭೆಯಲ್ಲಿ ನಿರ್ಭಯನಾಗಿ ನಿಂತವನು. ಎದುರಿಗಿದ್ದ ಸಮುದ್ರಕ್ಕೆ ಅವನು ಹೆದರಲಿಲ್ಲ. ಹಿಂದಿದ್ದ ಮನೆಗೆ ಹೆದರಿದನು. ಬರಿಗೈಯಲ್ಲಿ ಹೋದರೆ ಚಿಕ್ಕಪ್ಪನು ಏನು ಮಾಡುವನೋ ಎಂಬ ಒಂದೇ ಚಿಂತೆ. ಹನುಮಂತದೇವರು ಬಗೆಬಗೆಯಾಗಿ ಹೇಳಿದರು: ಸುಗ್ರೀವನು ಧರ್ಮವನ್ನು ಬಲ್ಲವನು, ನಿನ್ನ ತಾಯಿಯ ಸಂತೋಷವನ್ನು ಬಯಸುವವನು, ನಿನ್ನನ್ನು ಬಿಟ್ಟರೆ ಅವನಿಗೆ ಬೇರೆ ಮಗನಿಲ್ಲ, ನಿನಗೆ ಕೇಡು ಬಗೆಯನು. ಅಂಗದನು ನಂಬಲಿಲ್ಲ. ತಾಯಿಯಾದ ತಾರೆಯನ್ನು ಸಮಾಧಾನಪಡಿಸಿರೆಂದು ಹೇಳಿಕಳುಹಿಸಿ, ದರ್ಭೆಯ ಮೇಲೆ ಮಲಗಿದನು. ಉಳಿದ ಕಪಿಗಳೂ ಅಳುತ್ತಾ ಅವನ ಸುತ್ತ ಮಲಗಿದವು.

ಮುಖ್ಯಪ್ರಾಣರೇ ಸಾಕ್ಷಾತ್ತಾಗಿ ಹೇಳಿದರೂ ಹುಡುಗನು ನಂಬದಷ್ಟು ಭಯವು ಅವನಲ್ಲಿ ಎಲ್ಲಿಂದ ಬಂದಿತು? ಸುಗ್ರೀವನು ಹೊರಡುವಾಗ ಆಡಿದ ಒಂದು ಕಟುವಾದ ಮಾತಿನಿಂದ ಬಂದಿತು. ಇಲ್ಲಿ ರಾಮಾಯಣವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಪೂರ್ವ, ಪಶ್ಚಿಮ, ಉತ್ತರದಿಕ್ಕುಗಳಿಗೆ ಹೋಗಿದ್ದ ವಿನತ, ಸುಷೇಣ, ಶತಬಲಿಗಳು ಆ ವೇಳೆಗೆ ಬರಿಗೈಯಲ್ಲಿ ಹಿಂದಿರುಗಿದ್ದರು. ಅವರು ಗಡುವಿನೊಳಗೆ ಬಂದವರು, ಇವರು ಮೀರಿದವರು ಎಂಬ ಭೇದವುಂಟು, ನಿಜ. ಆದರೆ ಸೀತೆ ಕಾಣಲಿಲ್ಲವೆಂದು ಹೇಳಿದ ಆ ಮೂರು ಗುಂಪುಗಳಲ್ಲಿ ಯಾರ ಕೂದಲೂ ಕೊಂಕಲಿಲ್ಲ. ಶ್ರೀರಾಮನೊಡನೆ ಕುಳಿತಿದ್ದ ಸುಗ್ರೀವನು ಅವರ ಮಾತನ್ನು ಕೇಳಿಕೊಂಡನು, ಅಷ್ಟೆ. ಮುಂದೆ ಇದೇ ಅಂಗದನ ಗುಂಪು ಗಡುವನ್ನು ಎಷ್ಟೋ ಮೀರಿ ಬಂದು, ಸುಗ್ರೀವನ ಮಧುವನವನ್ನು ಸೂರೆಮಾಡಿದಾಗಲೂ ಅವನು ಸಿಟ್ಟಾಗಲಿಲ್ಲ. ಸುಗ್ರೀವನ ಮನಸ್ಸು ಹಾಗಿತ್ತು. ಆದರೆ ಅವನ ಮನಸ್ಸು ಕಿಷ್ಕಿಂಧೆಯಲ್ಲಿತ್ತು. ಅಂಗದನೊಡನೆ ಸಮುದ್ರತೀರಕ್ಕೆ ಬಂದುದು ಅವನ ಮಾತು ಮಾತ್ರ.

ನಮ್ಮ ಮನೆಗಳ ತಂದೆತಾಯಿಗಳು ಕ್ರೂರರಲ್ಲ. ಫಲಿತಾಂಶ ಹೇಗೇ ಬಂದರೂ ಮಗುವನ್ನು ತಬ್ಬಿಕೊಳ್ಳುವವರೇ. ಆದರೆ ವರ್ಷವೆಲ್ಲ ಆಡಿದ ಮಾತುಗಳೇನು? “ಆ ಬೀದಿಯವರ ಮಗನನ್ನು ನೋಡು.” “ಇಷ್ಟು ಹಣ ಸುರಿದಿದ್ದೇವೆ.” “ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ?” ಆ ಮಾತುಗಳು ಮಗುವಿನ ಜತೆಯಲ್ಲಿ ಹೋಗುತ್ತವೆ. ತಬ್ಬಿಕೊಳ್ಳುವ ಕೈಗಳು ಹಜಾರದಲ್ಲಿ ಉಳಿಯುತ್ತವೆ.

ಇದು ಬರಿಯ ಅಲಂಕಾರದ ಮಾತಲ್ಲವೆಂದು ತೋರಿಸಲು ಒಂದು ಸಂಖ್ಯೆಯನ್ನು ಬರೆಯಬೇಕಾಗಿದೆ. ಹಬ್ಬದ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ಕ್ಷಮಿಸಬೇಕು. ಕೇಂದ್ರದ ಅಪರಾಧ ದಾಖಲೆ ಸಂಸ್ಥೆಯ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ಈ ದೇಶದಲ್ಲಿ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲರೂ ಪರೀಕ್ಷೆಯ ಕಾರಣದಿಂದಲ್ಲ. ಆದರೂ ಈ ಸಂಖ್ಯೆಯನ್ನು ಒಮ್ಮೆ ಓದಿದ ಮೇಲೆ ಮರೆಯಲಾಗುವುದಿಲ್ಲ. ಮನುಷ್ಯಜನ್ಮವು ಸಾಧನಶರೀರವೆಂದು ನಾವು ಹೇಳುತ್ತೇವೆ. ಆ ಶರೀರವನ್ನು ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಪಟ್ಟಿಗಾಗಿ ಬಿಟ್ಟುಹೋದ ಮಗುವಿನ ಮನೆಗೆ ಹೋಗಿ ಕುಳಿತಾಗ ಸಿದ್ಧಾಂತದ ಮಾತೊಂದೂ ಬಾಯಿಗೆ ಬರುವುದಿಲ್ಲ. ನಾನು ಅಂಥ ಒಂದು ಮನೆಗೆ ಹೋಗಿದ್ದೆ. ಹೆಚ್ಚು ಹೇಳುವುದಿಲ್ಲ.

ಮಗುವು ಊಟ ಬಿಟ್ಟರೆ, ರಾತ್ರಿಯೆಲ್ಲ ಎಚ್ಚರವಿದ್ದರೆ, ಸಾವಿನ ಮಾತನ್ನು ತಮಾಷೆಗೆಂಬಂತೆ ಆಡಿದರೂ, “ಪಾರಾಯಣ ಮಾಡು, ಸರಿಹೋಗುತ್ತದೆ” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಪಾರಾಯಣವಿರಲಿ, ವೈದ್ಯರನ್ನೂ ಕಾಣಿಸಿ. ಧನ್ವಂತರಿಯೂ ಶ್ರೀಹರಿಯ ರೂಪವೇ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯೇ ಅದಕ್ಕೆ ಮುಖ್ಯಕೇಂದ್ರ. ಹಗಲು ರಾತ್ರಿ ಮಾತನಾಡುತ್ತಾರೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಎರಡನೆಯ ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದಿಡಿ.

ಹಾಗಾದರೆ ಈ ದಿನಗಳಲ್ಲಿ ಪ್ರಯತ್ನಕ್ಕೆ ಅವಕಾಶವೇ ಇಲ್ಲವೇ ಎಂದು ಕೇಳಬಹುದು. ಉಂಟು. ಪರೀಕ್ಷೆಯ ಪ್ರಯತ್ನ ಮುಗಿಯಿತು. ಆಯ್ಕೆಯ ಪ್ರಯತ್ನ ಉಳಿದಿದೆ. ಯಾವ ವಿದ್ಯೆ, ಯಾವ ಸಂಸ್ಥೆ ಎಂಬ ಕ್ರಮವನ್ನು ಬರೆದುಕೊಡುವಾಗ ಹುಡುಗನ ಒಲವನ್ನು ಕೇಳಿ. ಸ್ವಭಾವವನ್ನು ಶ್ರೀಮದಾಚಾರ್ಯರು ಮೊದಲನೆಯ ಕಾರಣವೆಂದರು. ನಾವು ಅದನ್ನು ಕೊನೆಯ ಕಾರಣವನ್ನಾಗಿಯೂ ಗಣಿಸದೆ ಎಲ್ಲರಿಗೂ ಕಂಪ್ಯೂಟರ್ ಸೈನ್ಸ್ ಒಂದನ್ನೇ ಬರೆಯುತ್ತಿದ್ದೇವೆ. ಸಸ್ಯಗಳನ್ನು ಕಂಡರೆ ಮೈಮರೆಯುವ ಹುಡುಗಿ ಲಾಲ್‌ಬಾಗಿನ ಮಗ್ಗುಲಲ್ಲಿಯೇ ಹುಟ್ಟಿ ಬೆಳೆದೂ ಯಂತ್ರದ ಮುಂದೆ ಕುಳಿತುಕೊಳ್ಳಬೇಕೆ? ಇದು ನನ್ನ ಸ್ವಂತ ಅಭಿಪ್ರಾಯ. ಶಾಸ್ತ್ರದ ಮೇಲೆ ಹೊರಿಸುವುದಿಲ್ಲ.

ಮತ್ತೆ ಸಮುದ್ರತೀರಕ್ಕೆ. ಮಲಗಿದ್ದ ಕಪಿಗಳು ಏನು ಮಾಡುತ್ತಿದ್ದವು? ಪ್ರಯತ್ನವನ್ನು ಬಿಟ್ಟಿದ್ದವು, ಅನ್ನವನ್ನು ಬಿಟ್ಟಿದ್ದವು. ಆದರೆ ರಾಮಕಥೆಯನ್ನು ಬಿಟ್ಟಿರಲಿಲ್ಲ. ಶ್ರೀರಾಮನ ವನವಾಸ, ದಶರಥನ ಮರಣ, ಸೀತಾಪಹರಣ, ಜಟಾಯುವಿನ ವಧೆ ಎಂದು ಒಂದೊಂದನ್ನೂ ಹೇಳಿಕೊಂಡು ಅಳುತ್ತಿದ್ದವು. ಫಲಾಪೇಕ್ಷೆಯಿಂದ ಹೇಳಿದ್ದಲ್ಲ, ಹೇಳಿದರೆ ಏನೋ ಆಗುತ್ತದೆಂಬ ಆಸೆಯೂ ಅಲ್ಲಿ ಉಳಿದಿರಲಿಲ್ಲ. ಆ ಹೊತ್ತಿಗೆ ಮೇಲಿನ ಗುಹೆಯಿಂದ ವೃದ್ಧನಾದ ಸಂಪಾತಿಯು ಹೊರಗೆ ಬಂದನು. ಮೊದಲು ಅವನಿಗೆ ಕಂಡುದು ಆಹಾರ. ಇಷ್ಟೊಂದು ಕಪಿಗಳು ತಾವಾಗಿ ಬಂದು ಮಲಗಿವೆ, ಸಾಯುತ್ತಾ ಹೋದಂತೆ ಒಂದೊಂದಾಗಿ ತಿನ್ನಬಹುದೆಂದು ಹಿಗ್ಗಿದನು. (ಮಕ್ಕಳ ಭಯವನ್ನು ಕಂಡು ಹಿಗ್ಗುವ ಇಂಥ ದೃಷ್ಟಿಯವರು ನಮ್ಮ ಊರಿನ ಗೋಡೆಗಳ ಮೇಲೆಲ್ಲ ದೊಡ್ಡ ದೊಡ್ಡ ಭಾವಚಿತ್ರಗಳ ಜಾಹೀರಾತು ಹಾಕಿದ್ದಾರೆ, ಅದು ಹಾಗಿರಲಿ.) ಅಷ್ಟರಲ್ಲಿ ಜಟಾಯುವೆಂಬ ಹೆಸರು ಕಿವಿಗೆ ಬಿದ್ದಿತು. ಜಟಾಯು ಅವನ ತಮ್ಮ. ಎಳವೆಯಲ್ಲಿ ಇಬ್ಬರೂ ಸೂರ್ಯನ ಕಡೆಗೆ ಹಾರಿದಾಗ, ತಮ್ಮನು ಬೇಯುವುದನ್ನು ಕಂಡು ರೆಕ್ಕೆಗಳಿಂದ ಮರೆಮಾಡಿ, ತನ್ನ ರೆಕ್ಕೆಗಳನ್ನು ಸುಟ್ಟುಕೊಂಡವನು ಈ ಸಂಪಾತಿ. ಆ ದಿನದಿಂದ ತಮ್ಮನ ಸುದ್ದಿಯಿರಲಿಲ್ಲ. ಆಹಾರವೆಂದು ನೋಡುತ್ತಿದ್ದ ಕಣ್ಣಿನಲ್ಲಿ ನೀರು ತುಂಬಿತು. ನನ್ನನ್ನು ಕೆಳಗಿಳಿಸಿರಿ ಎಂದು ಬೇಡಿದನು.

ಸಾಯಲು ಮಲಗಿದ್ದ ಅಂಗದನು ಎದ್ದನು. ಎದ್ದುದು ಸೀತೆಯ ಸುಳಿವು ಸಿಕ್ಕಿತೆಂದಲ್ಲ, ಅದಿನ್ನೂ ತಿಳಿದಿರಲಿಲ್ಲ. ಒಬ್ಬ ಮುದುಕನನ್ನು ಬೆಟ್ಟದಿಂದ ಕೆಳಗೆ ಇಳಿಸಬೇಕಾಗಿತ್ತು, ಅದಕ್ಕಾಗಿ 
ಎದ್ದನು.

ಸೀತೆಯು ಲಂಕೆಯಲ್ಲಿದ್ದಾಳೆ, ಸಮುದ್ರವು ನೂರು ಯೋಜನವೆಂದು ಸಂಪಾತಿಯು ಹೇಳಿದನು. ಹೇಳುತ್ತಾ ತನ್ನ ಕಥೆಯನ್ನೂ ಹೇಳಿಕೊಂಡನು. ರೆಕ್ಕೆ ಸುಟ್ಟು ಬಿದ್ದಾಗ ನಿಶಾಕರನೆಂಬ ಋಷಿಯು, ರಾಮದೂತರು ಬರುವ ತನಕ ಇಲ್ಲಿಯೇ ಕಾದಿರು ಎಂದಿದ್ದನಂತೆ. ಋಷಿಯು ಹೊರಟುಹೋಗಿ ಬಹುಕಾಲವಾಗಿತ್ತು. ಅಂಗದನು ಒಂದು ತಿಂಗಳು ಕಾದು ಸೋತ ಆ ತೀರದಲ್ಲಿ, ಮೇಲಿನ ಗುಹೆಯಲ್ಲಿ, ಅವನಿಗಾಗಿಯೇ ಇನ್ನೊಬ್ಬನು ಯುಗಾಂತರಗಳಿಂದೆಂಬಂತೆ ಕಾಯುತ್ತಿದ್ದನು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಮಾತನಾಡುತ್ತಿದ್ದಂತೆ, ಕಪಿಗಳೆಲ್ಲ ನೋಡುತ್ತಿದ್ದಂತೆ, ಆ ಮುದುಕನ ಮೈಯಲ್ಲಿ ಕೆಂಪು ರೆಕ್ಕೆಗಳು ಚಿಗುರಿದವು.

ನಮ್ಮ ಹುಡುಗನ ಫಲಿತಾಂಶವು ಈ ಸಂಚಿಕೆ ಅಚ್ಚಿಗೆ ಹೋಗುವಾಗಲೂ ಬಂದಿಲ್ಲ. ಮೂರು ದಿನಗಳಿಂದ ಸಂಜೆ ಅವನು ದೇವಸ್ಥಾನಕ್ಕೆ ಬರುತ್ತಿದ್ದಾನೆ. ಉಪನ್ಯಾಸಕ್ಕೆ ಬರುವ ಹಿರಿಯರನೇಕರಿಗೆ ಮೆಟ್ಟಿಲು ಹತ್ತುವುದು ಕಷ್ಟ; ಅವರ ಕೈಹಿಡಿದು ಹತ್ತಿಸುತ್ತಾನೆ, ಮುಗಿದ ಮೇಲೆ ಇಳಿಸುತ್ತಾನೆ. ದೂರವಾಣಿಯನ್ನು ತಾಯಿಯ ಕೈಯಲ್ಲಿ ಕೊಟ್ಟಿರುತ್ತಾನೆ. ನಿನ್ನೆ ಆ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡು, ಮಂಗಳಾರತಿಯವರೆಗೆ ಒಮ್ಮೆಯೂ ತೆಗೆಯಲಿಲ್ಲ.

ನಾಳೆಯಿಂದ ಸುಂದರಕಾಂಡ, ಸಮುದ್ರಲಂಘನದ ಕಥಾಭಾಗ. ಸಂಜೆ ಆರೂವರೆ ಗಂಟೆಗೆ.

॥ ಶ್ರೀಕೃಷ್ಣಾರ್ಪಣಮಸ್ತು ॥